ಹೊರಗಿನವರಿಗೆ ಬೀಗ, ಒಳಗಿನವನಿಗೆ?

ಮಾರ್ಚ್ 2020ರ ಕೊನೆಯ ವಾರ ಲಾಕ್‌ಡೌನ್ ಬಂತು. ಕೊಟ್ಟಾರ, ಮುಡಿಪುವಿನ ಐಟಿ ಕಚೇರಿಗಳಿಂದ ಹಿಡಿದು ಮಂಗಳೂರಿನ ಕಾಲೇಜುಗಳವರೆಗೆ ಎಲ್ಲರ ಕೆಲಸವೂ ಮನೆಯೊಳಗೆ ಬಂದು ಕೂತಿತು. ಆಡಳಿತದವರ ಮುಂದೆ ಇದ್ದ ಪ್ರಶ್ನೆ ಒಂದೇ: ಸಭೆಗೆ ಯಾವ ಆ್ಯಪ್? ಜೂಮೋ, ಗೂಗಲ್ ಮೀಟೋ, ಮೈಕ್ರೋಸಾಫ್ಟ್ ಟೀಮ್ಸೋ? ಎಷ್ಟು ಜನ ಸೇರಬಹುದು, ಖರ್ಚೆಷ್ಟು, ಜೂಮ್‌ನಲ್ಲಿ ಪುಕ್ಕಟೆ ಸಭೆ 40 ನಿಮಿಷಕ್ಕೆ ನಿಂತರೆ ಏನು ಮಾಡುವುದು ಎಂದು ಲೆಕ್ಕ ಹಾಕಿದರು. ಕ್ಯಾಮರಾ ತೆರೆದುಕೊಳ್ಳುವುದು ಯಾರ ಮನೆಯಲ್ಲಿ, ಆ ಮನೆಯಲ್ಲಿ ಅವಳ ಪಾಡೇನು ಎಂದು ಕೇಳಿದವರೆಷ್ಟು ಮಂದಿ?

ಸುರಕ್ಷತೆಯ ಮಾತು ಬರಲಿಲ್ಲವೆಂದಲ್ಲ. ಜೂಮ್ ಸುರಕ್ಷಿತವಲ್ಲ, ಸರ್ಕಾರಿ ಅಧಿಕಾರಿಗಳು ಕಚೇರಿ ಕೆಲಸಕ್ಕೆ ಬಳಸಬಾರದು ಎಂದು ಕೇಂದ್ರ ಗೃಹ ಸಚಿವಾಲಯ 2020ರ ಏಪ್ರಿಲ್‌ನಲ್ಲಿ ಸೂಚನೆ ಹೊರಡಿಸಿತು. ಖಾಸಗಿಯಾಗಿ ಬಳಸುವವರು ಪ್ರತಿ ಸಭೆಗೂ ಪಾಸ್‌ವರ್ಡ್ ಇಡಿ, ಬಂದವರನ್ನು ಮೊದಲು ಹೊರಗೆ ಕಾಯಿಸಿ ಎಂದಿತು. ಸರಿಯಾದ ಮಾತೇ. ಆದರೆ ಇವೆಲ್ಲ ಹೊರಗಿನಿಂದ ನುಗ್ಗುವವರಿಗೆ ಹಾಕುವ ಬೀಗ. ಹೊಡೆಯುವವನು ಅದೇ ಕೋಣೆಯಲ್ಲಿ ಕೂತಿದ್ದರೆ ಯಾವ ಪಾಸ್‌ವರ್ಡ್ ಕಾಯುತ್ತದೆ? ಸಭೆಯಲ್ಲಿ ಯಾರೊಡನೆ ನಕ್ಕೆ ಎಂದು ಆಮೇಲೆ ವಿಚಾರಣೆ ನಡೆಸುವ ಗಂಡನನ್ನು, ಚಾವಡಿಯಲ್ಲಿ ಕೂತು ಪ್ರತಿ ಮಾತಿಗೂ ಕಿವಿಗೊಡುವ ಅತ್ತೆ ಮಾವನನ್ನು ಯಾವ ಆ್ಯಪ್ ಹೊರಗೆ ಕಾಯಿಸುತ್ತದೆ?

ಇಂಥ ಮನೆಯಲ್ಲಿ ಕೂತವಳಿಗೆ "ಕ್ಯಾಮರಾ ಕಡ್ಡಾಯ" ಎನ್ನುವ ಆಜ್ಞೆಯ ಅರ್ಥವೇನು? ಊದಿದ ಕೆನ್ನೆಯನ್ನು ಇಪ್ಪತ್ತು ಜನರ ಮುಂದೆ ಹಿಡಿ, ಇಲ್ಲವೇ ಗೈರುಹಾಜರಿ ಹಾಕಿಸಿಕೋ ಎಂದೇ ಅಲ್ಲವೇ? ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲ್ 10ರಂದು ಕೌಟುಂಬಿಕ ದೌರ್ಜನ್ಯದ ದೂರಿಗಾಗಿ ವಾಟ್ಸ್‌ಆ್ಯಪ್ ಸಂಖ್ಯೆಯೊಂದನ್ನು ತೆರೆಯಿತು. ಬಾಯಿ ಬಿಡಲಾಗದ ಮನೆಯಲ್ಲಿ ಬೆರಳಾದರೂ ಮಾತಾಡಬೇಕು! ಆದರೆ ಜೂಮ್ ಸಭೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಗುಟ್ಟಾಗಿ ಬರೆಯುವ ಸೌಲಭ್ಯವನ್ನು ಸಭೆ ಕರೆದವರು ಮುಚ್ಚಬಹುದು. ಶಿಸ್ತಿನ ಹೆಸರಿನಲ್ಲಿ ಅದನ್ನು ಮುಚ್ಚಿದಾಗ ಒಬ್ಬಳ ಕಿಟಕಿಯೂ ಮುಚ್ಚುತ್ತದೆ.

"ಗಂಡ ಹೆಂಡಿರ ಜಗಳ, ಕಚೇರಿಗೇನು ಸಂಬಂಧ?" ಎನ್ನುವವರು ಇದ್ದಾರೆ. ಅವರು ತಮ್ಮ ಊರನ್ನೇ ಒಮ್ಮೆ ನೋಡಲಿ. ಮನೆಯಿಂದ ಕೆಲಸ ಎಂಬುದು ಮಂಗಳೂರಿಗೆ ಲ್ಯಾಪ್‌ಟಾಪ್ ತಂದ ಹೊಸ ಸಂಗತಿಯಲ್ಲ. ಎಲೆ, ಹೊಗೆಸೊಪ್ಪು ತಂದು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಇಲ್ಲಿ ತಲೆಮಾರುಗಳಿಂದ ಇದ್ದಾರೆ. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಒಪ್ಪಿತು. ಕೆಲಸ ಮನೆಗೆ ಹೋದ ಮಾತ್ರಕ್ಕೆ ಮಾಲಿಕನ ಹೊಣೆ ಹೊರಗೇ ಉಳಿಯುವುದಿಲ್ಲ ಎಂಬ ಪಾಠ ಇದು. ಇನ್ನೊಂದು ಮಾತು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳಲ್ಲಿ ದೌರ್ಜನ್ಯದ ವರದಿಯ ನಮೂನೆಯಿದೆ. ಉದ್ಯೋಗ ಮಾಡದಂತೆ ತಡೆಯುವುದನ್ನು, ಅದಕ್ಕೆ ಅಡ್ಡಿಪಡಿಸುವುದನ್ನು ಅದು ಆರ್ಥಿಕ ದೌರ್ಜನ್ಯದ ಪಟ್ಟಿಗೆ ಸೇರಿಸಿದೆ. ಸಭೆಯ ನಡುವೆ ಅವನು ತಂತಿ ಕಿತ್ತರೆ ಅದು "ನೆಟ್ ತೊಂದರೆ" ಅಲ್ಲ, ದೌರ್ಜನ್ಯ!

ಹಾಗಾದರೆ ಆ್ಯಪ್ ಆರಿಸುವಾಗ ಏನು ನೋಡಬೇಕು? ಚಿತ್ರವಿಲ್ಲದೆ ಬರೀ ದನಿಯಲ್ಲಿ, ಬೇಕಾದರೆ ಸಾದಾ ಫೋನಿನಿಂದಲೂ ಸೇರಲು ಬರಬೇಕು. ಹಾಗೆ ಸೇರಿದವಳಿಗೆ ಕಾರಣ ಕೇಳಬಾರದು. ಹಿಂದಿನ ಗೋಡೆಯನ್ನು, ಕೋಣೆಯನ್ನು ಮರೆಮಾಡಲು ಬರಬೇಕು. ನಂಬಿಕೆಯ ಸಹೋದ್ಯೋಗಿಗೆ ಗುಟ್ಟಾಗಿ ಬರೆಯುವ ದಾರಿ ತೆರೆದಿರಬೇಕು. ಕೇಳದೆ ರೆಕಾರ್ಡ್ ಮಾಡಬಾರದು. ಫೋನು, ಲ್ಯಾಪ್‌ಟಾಪ್ ಕಚೇರಿಯೇ ಕೊಡಬೇಕು. ಗಂಡನ ಫೋನು, ಗಂಡನ ಖಾತೆ ಬೇಡಿ ಕೆಲಸ ಮಾಡುವ ಗತಿ ಅವಳಿಗೆ ಬರಬಾರದು. ಎಲ್ಲಕ್ಕಿಂತ ಮೊದಲು, ಹಣ ಕಟ್ಟುವ ಮುಂಚೆ ಹೆಣ್ಣುಮಕ್ಕಳನ್ನು ಕೂರಿಸಿ ಕೇಳಬೇಕು.

ಸಾಂಕ್ರಾಮಿಕ ಹೋಯಿತು, ಪರದೆಯ ಮೇಲಿನ ಸಭೆ ಹೋಗಿಲ್ಲ. ಗೆಳತಿಯರೇ, ನಿಮ್ಮ ಕಚೇರಿಯಲ್ಲಿ ಈ ಪ್ರಶ್ನೆಗಳನ್ನು ಬರೆದು ಕೊಡಿ, ಒಬ್ಬೊಬ್ಬರಾಗಿ ಅಲ್ಲ, ಹತ್ತು ಜನ ಸಹಿ ಹಾಕಿ ಕೊಡಿ. ಸಭೆಯಲ್ಲಿ ಕ್ಯಾಮರಾ ಮುಚ್ಚಿ ಕೂತ ಸಹೋದ್ಯೋಗಿಯನ್ನು ಸೋಮಾರಿ ಎನ್ನುವ ಮುಂಚೆ, ಸಭೆ ಮುಗಿದ ಮೇಲೆ "ಹೇಗಿದ್ದೀಯಾ?" ಎಂದು ಒಂದು ಸಾಲು ಬರೆಯಿರಿ. ಅವಳು ಕಾಯುತ್ತಿರುವುದು ಅದಕ್ಕೇ ಇರಬಹುದು.