ಫೋನು ಅಂದ್ರೆ ರಿಂಗಾಗಬೇಕು...

ಮೊನ್ನೆ ಅಂಗಡಿಗೆ ಹೋಗಿ ಬಟನ್ ಇರೋ ಸಾದಾ ಮೊಬೈಲ್ ಕೇಳಿದೆ. ಅಂಗಡಿ ಹುಡುಗ "ತಂದೆಯವರಿಗಾ ಸಾರ್?" ಅಂದ. "ಇಲ್ಲಪ್ಪ, ನನಗೇ" ಅಂದಾಗ ಅವನು ನನ್ನನ್ನ ನೋಡಿದ ನೋಟ ಇತ್ತಲ್ಲ... :)

ಅವನದ್ದೇನೂ ತಪ್ಪಿಲ್ಲ ಬಿಡಿ. ಇಂಜಿನಿಯರಿಂಗ್ ಓದೋವಾಗ ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಹಾಸ್ಟೆಲ್ಲಿನಲ್ಲಿ ರಾತ್ರಿಯೆಲ್ಲಾ ವಾದ ಮಾಡ್ತಿದ್ದವನು ನಾನು. ಮೂವತ್ತು ಹತ್ತಿರ ಬರ್ತಿದ್ದ ಹಾಗೆ ಆ ಹುಚ್ಚು ತಾನಾಗೇ ಇಳೀತು. ಆದ್ರೆ ನಿಜವಾಗಿ ಮನಸ್ಸು ಬದಲಾಗಿದ್ದು ಹೋದ ಮಳೆಗಾಲದಲ್ಲಿ.

ಊರಲ್ಲಿ ಅಪ್ಪ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ರು. ಅವರ ಫೋನು ಜೇಬಲ್ಲೇ ನೆನೆದು ಸತ್ತಿತ್ತು. ಅಮ್ಮ ಪಕ್ಕದ ಮನೆಯವರ ಫೋನಿಂದ ನನಗೆ ಏಳು ಸಲ ಕರೆ ಮಾಡಿದ್ದಾರೆ. ನನ್ನದು ಸೈಲೆಂಟಲ್ಲಿತ್ತು. ಆ ಸಾಲದ ಜಾಹೀರಾತು, ಈ ಗುಂಪಿನ ಗುಡ್ ಮಾರ್ನಿಂಗು, "ಹಸಿವಾಗಿದೆಯಾ?" ಅಂತ ಕೇಳೋ ಆಪು, ಇದೆಲ್ಲದರ ಕಾಟಕ್ಕೆ ಅದು ವರ್ಷಗಟ್ಟಲೆಯಿಂದ ಸೈಲೆಂಟಲ್ಲೇ ಇದೆ. ನೋಡಿದಾಗ ಎರಡು ಗಂಟೆ ಕಳೆದಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರೇ ಜೀಪಲ್ಲಿ ತೀರ್ಥಹಳ್ಳಿಗೆ ಕರ್ಕೊಂಡು ಹೋಗಿ ಕೈಗೆ ಪಟ್ಟು ಹಾಕಿಸಿದ್ರು. "ನೀನು ಮೀಟಿಂಗಲ್ಲಿ ಇದ್ದಿಯೇನೋ ಅಂದ್ಕೊಂಡೆ ಮಾರಾಯ" ಅಂತ ಅಮ್ಮ ಅಂದಾಗ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಮೀಟಿಂಗೂ ಇರ್ಲಿಲ್ಲ.

ಮನೆಯವರ ನಂಬರಿಗೆ ಮಾತ್ರ ರಿಂಗಾಗೋ ಸೆಟ್ಟಿಂಗ್ ಇದೆಯಲ್ಲ ಅಂತೀರಾ? ಇತ್ತು, ಹಾಕಿಯೂ ಇದ್ದೆ. ಪಕ್ಕದ ಮನೆಯವರ ನಂಬರ್ ಅದರಲ್ಲಿ ಇರ್ಲಿಲ್ಲ, ಅಷ್ಟೇ.

ಇನ್ನೊಂದು ವಿಷಯ ಹೇಳ್ಲೇಬೇಕು. ಮೂರು ದಿನ ಆಪ್ ತೆರೆಯದೇ ಇದ್ದವರಿಗೆ ನೋಟಿಫಿಕೇಶನ್ ಕಳಿಸೋ ಕೋಡ್ ನಾನೇ ಒಂದು ಪ್ರಾಜೆಕ್ಟಿನಲ್ಲಿ ಬರೆದಿದ್ದೀನಿ. ಅದು ಎಷ್ಟು ಜನರ ಫೋನನ್ನ ಸೈಲೆಂಟ್ ಮಾಡಿಸಿತೋ!

ನಮ್ಮನೆಗೆ ಬಂದ ಮೊದಲ ಮೊಬೈಲು ನೋಕಿಯಾ 1100. 2003ರಲ್ಲಿ ಬಂದ ಮಾಡೆಲ್ಲು, ಪ್ರಪಂಚದಲ್ಲಿ 25 ಕೋಟಿಗೂ ಹೆಚ್ಚು ಮಾರಾಟ ಆಯ್ತು. ಧೂಳು ಒಳಗೆ ಹೋಗದ ಹಾಗೆ ಒಂದೇ ರಬ್ಬರ್ ಹಾಳೆಯ ಕೀಪ್ಯಾಡು, ತಲೆ ಮೇಲೊಂದು ಟಾರ್ಚು. ಕರೆಂಟು ಹೋದ ಮಲೆನಾಡಿನ ರಾತ್ರೀಲಿ ಕೊಟ್ಟಿಗೆಗೆ ಹೋಗೋಕೆ ಅದಕ್ಕಿಂತ ಒಳ್ಳೆ ಫೀಚರ್ ಯಾವುದು ಹೇಳಿ. ಅದನ್ನ ಮಾಡಿದವರು ಇನ್ನೇನು ಸೇರಿಸೋಣ ಅನ್ನೋದಕ್ಕಿಂತ ಇದನ್ನ ಬಳಸೋನು ಎಲ್ಲಿರ್ತಾನೆ ಅಂತ ಯೋಚಿಸಿದ್ರು ಅಂತ ನನಗನ್ಸುತ್ತೆ.

ಹಾಗಂತ ಹಳೇದೆಲ್ಲಾ ಚಿನ್ನ ಅಂತೇನಲ್ಲ. ಆ ಫೋನಲ್ಲಿ ನಮ್ಮ ಕನ್ನಡ ಬರ್ತಿರ್ಲಿಲ್ಲ. ಕನ್ನಡ ಬರೋ ಫೋನುಗಳಲ್ಲೂ ಒಂದು ಎಸ್ಸೆಮ್ಮೆಸ್ಸಿಗೆ ಇಂಗ್ಲಿಷಲ್ಲಿ 160 ಅಕ್ಷರ ಹಿಡಿದ್ರೆ, ಯೂನಿಕೋಡ್ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಒತ್ತಕ್ಷರ ಒಂದಕ್ಕೆ ಮೂರು ಲೆಕ್ಕ! ಇವತ್ತು ಕನ್ನಡದಲ್ಲಿ ಧಾರಾಳವಾಗಿ ಹರಟ್ತಿದ್ದೀವಿ ಅಂದ್ರೆ ಅದು ಈ ದೊಡ್ಡ ಫೋನುಗಳ ಪುಣ್ಯ.

ದೊಡ್ಡದನ್ನ ಪೂರ್ತಿ ಬಿಡೋಕೂ ಆಗಲ್ಲ. ಆಫೀಸಿನ ಲಾಗಿನ್ನಿಗೆ ಅದೇ ಬೇಕು. ಬಟನ್ ಫೋನಿಗೂ 2022ರಲ್ಲಿ ಯುಪಿಐ 123ಪೇ ಬಂತು ನಿಜ, ಆದ್ರೆ ಎಳನೀರಿನವನ ಮುಂದೆ ಕೋಡ್ ಸ್ಕ್ಯಾನ್ ಮಾಡಿದಷ್ಟು ಸಲೀಸಲ್ಲ. ಹಾಗಾಗಿ ದೊಡ್ಡದು ಬ್ಯಾಗಿನಲ್ಲಿ, ಬಾಯಿ ಮುಚ್ಕೊಂಡು ಇರುತ್ತೆ. ಜೇಬಲ್ಲಿ ಸಣ್ಣದು. ಅದರ ನಂಬರ್ ಮನೆಯವರಿಗೆ, ಪಕ್ಕದ ಮನೆಯವರಿಗೆ, ಇಬ್ಬರು ಗೆಳೆಯರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ರಿಂಗಾದ್ರೆ ಎದ್ದು ಓಡ್ತೀನಿ. ವಾರಕ್ಕೆ ಮೂರೋ ನಾಲ್ಕೋ ಸಲ ಅಷ್ಟೇ.

ಈ ಸಲ ಊರಿಗೆ ಹೋದಾಗ ಅಪ್ಪನಿಗೆ ಹೆಮ್ಮೆಯಿಂದ ತೋರಿಸ್ದೆ. ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ರು.

"ಇದು ಎಂಥಕ್ಕೆ ಮಾರಾಯ, ಇದ್ರಲ್ಲಿ ಯಕ್ಷಗಾನ ಬರ್ತದಾ? ನಂಗೊಂದು ದೊಡ್ಡ ಸ್ಕ್ರೀನಿಂದು ತಂದ್ಕೊಡು."