ನಾಣ್ಯವನ್ನೇರಿದ ಸಮುದ್ರದೇವತೆ

ನಾಣ್ಯಗಳನ್ನು ಕೂಡಿಡುವ ಹವ್ಯಾಸವುಳ್ಳ ಮಕ್ಕಳು ಅನೇಕ ವಾಚಕರ ಮನೆಗಳಲ್ಲಿರುವರು. ಅವರಿಗೆ ಉಪಯುಕ್ತವಾಗಲೆಂದು ಈ ತಿಂಗಳು ಶಾಂತಸಾಗರದ ಕುಕ್ ದ್ವೀಪಗಳ ನಾಣ್ಯಗಳನ್ನು ಕುರಿತು ಎರಡು ಮಾತು ಬರೆಯುವೆವು.

ನ್ಯೂಜಿಲೆಂಡಿಗೆ ಈಶಾನ್ಯದಲ್ಲಿರುವ ಈ 15 ದ್ವೀಪಗಳ ಜನರು ಪಾಲಿನೇಷ್ಯದ ಕುಲದವರು. ಪೂರ್ವಕಾಲದಲ್ಲಿ ಅವರಿಗೆ ಲೋಹದ ಬಳಕೆಯೂ ಇರಲಿಲ್ಲ, ನಾಣ್ಯವೂ ಇರಲಿಲ್ಲ. ಕಲ್ಲು, ಚಿಪ್ಪು, ಮರಗಳಲ್ಲಿಯೇ ಅವರ ಕೌಶಲವೆಲ್ಲವೂ ಪ್ರಕಟವಾಗುತ್ತಿದ್ದಿತು. ಅವರು ಮರದಲ್ಲಿ ಕೆತ್ತಿ ಪೂಜಿಸುತ್ತಿದ್ದ ದೇವತೆಗಳಲ್ಲಿ ತಂಗರೋವಾ ಎಂಬವನು, ನಮ್ಮ ವರುಣನಂತೆ, ಸಮುದ್ರಕ್ಕೆ ಅಧಿಪತಿ. 1821ರಲ್ಲಿ ಐತುತಾಕಿಗೂ 1823ರಲ್ಲಿ ರಾರೊಟೊಂಗಾಕ್ಕೂ ಲಂಡನ್ ಮಿಷನರಿ ಸಂಘದ ಬೋಧಕರು ಬಂದರು. ಜನರು ಕ್ರೈಸ್ತಮತವನ್ನು ಸ್ವೀಕರಿಸಲು, ಹಳೆಯ ಮೂರ್ತಿಗಳಲ್ಲಿ ಅನೇಕವು ಅಗ್ನಿಗೆ ಆಹುತಿಯಾದುವು. ಕೆಲವು ಹಡಗನ್ನೇರಿ ಇಂಗ್ಲೆಂಡನ್ನು ಸೇರಿದುವು.

1965ರಲ್ಲಿ ಈ ದ್ವೀಪಗಳಿಗೆ ಸ್ವಯಮಾಡಳಿತವು ದೊರೆಯಿತು. 1972ರಲ್ಲಿ ಸ್ವಂತ ನಾಣ್ಯಗಳು ಹೊರಟುವು. ಒಂದು ಮುಖದಲ್ಲಿ ರಾಣಿ ಎಲಿಜಬೆತ್. ಇನ್ನೊಂದರಲ್ಲಿ ಕೆಸುವಿನ ಎಲೆ, ಅನಾನಸು, ದಾಸವಾಳ, ಕಿತ್ತಳೆ, ಕಡಲಹಕ್ಕಿ, ಮೀನು. ಎಲ್ಲಕ್ಕಿಂತ ಹಿರಿದಾದ ಡಾಲರಿನ ಮೇಲೆ ನಿಂತವನು ತಂಗರೋವಾ! ಪ್ರಜೆಗಳು ಕ್ರೈಸ್ತರಾಗಿಯೇ ಉಳಿದಿದ್ದರು. ಆದರೂ, ಪೂಜೆಯನ್ನು ಬಿಟ್ಟ ಮಾತ್ರಕ್ಕೆ ಪೂರ್ವಿಕರನ್ನು ಮರೆಯಬೇಕಾಗಿಲ್ಲವೆಂದು ಅವರು ಬಗೆದಂತೆ ನಮಗೆ ತೋರುವುದು. 1987ರಲ್ಲಿ ಈ ಡಾಲರಿಗೆ ಅಲೆಯಲೆಯಾದ ಅಂಚು ಬಂದಿತು. ಜೊತೆಗೆ ಮುಕ್ಕೋಣದ ಎರಡು ಡಾಲರಿನ ನಾಣ್ಯವೂ ಬಂದಿತು.

ಪ್ರವಾಸಿಗಳು ಇವನ್ನು ನೆನಪಿಗೆಂದು ಊರಿಗೆ ಒಯ್ಯುವರು. ಹಾಗೆ ಹೋದ ನಾಣ್ಯವು ವಸ್ತುವನ್ನು ಕೊಳ್ಳಲು ಮರಳಿ ಬಾರದಾದುದರಿಂದ, ಅದರಿಂದ ಅಲ್ಲಿಯ ಸರಕಾರಕ್ಕೆ ಲಾಭವೇ ಉಂಟು. ಈ ಲಾಭದ ರುಚಿಯು ಈಗ ಬಹುದೂರ ಸಾಗಿರುವುದು. ನೆರೆಯ ನಿಯುವೆ ದ್ವೀಪದ ಹೆಸರಿನಲ್ಲಿ 2011ರಲ್ಲಿ ಅಮೆರಿಕದ ‘ಸ್ಟಾರ್ ವಾರ್ಸ್’ ಚಲಚ್ಚಿತ್ರದ ಪಾತ್ರಗಳುಳ್ಳ ನಾಣ್ಯಗಳು ಹೊರಟುವು. ಇಂತಹವು ಅಂಗಡಿಯ ವ್ಯವಹಾರಕ್ಕಲ್ಲ, ಸಂಗ್ರಾಹಕರ ಪೆಟ್ಟಿಗೆಗೆಂದೇ ಹುಟ್ಟಿದುವು. ಸಣ್ಣ ದ್ವೀಪಕ್ಕೆ ಆದಾಯವು ಬೇಕು. ಅದನ್ನು ನಾವು ಹಳಿಯಲಾರೆವು. ಆದರೆ ದ್ವೀಪದ ಹೆಸರು ಮಾತ್ರವಿದ್ದು ದ್ವೀಪದ ಬಾಳು ಇಲ್ಲದ ನಾಣ್ಯದಿಂದ ಮಕ್ಕಳು ಆ ಜನರ ವಿಷಯವಾಗಿ ಏನನ್ನು ಕಲಿತಾರು?

ಗೃಹಸ್ಥರಿಗೆ ನಮ್ಮ ಸೂಚನೆಯಿಷ್ಟೆ: ಸಂಗ್ರಹಕ್ಕೆಂದೇ ಮಾಡಿದ ನಾಣ್ಯದ ಬೆಲೆಯು ಅದರ ಮೇಲೆ ಅಚ್ಚಾದ ಮೊತ್ತಕ್ಕಿಂತ ಬಹಳ ಹೆಚ್ಚಾಗಿರುವುದುಂಟು. ಮಾರುವಾಗ ಕೊಟ್ಟ ಹಣವು ಮರಳುವುದೆಂಬ ಭರವಸೆಯಿಲ್ಲ. ಆದುದರಿಂದ ಮಕ್ಕಳ ಹೆಸರಿನ ಉಳಿತಾಯವನ್ನು ಇದರಲ್ಲಿ ತೊಡಗಿಸಬೇಡಿರಿ. ಕೈಯಿಂದ ಕೈಗೆ ಸವೆದ ಒಂದು ತಂಗರೋವಾ ಡಾಲರು ದೊರೆತರೆ ಕೊಂಡು, ಭೂಪಟವನ್ನು ಬಿಡಿಸಿ, ಅವನ ಕಥೆಯನ್ನು ಮಕ್ಕಳಿಗೆ ಹೇಳಿರಿ. ಕೊಟ್ಟ ಹಣಕ್ಕೆ ಅದೇ ಸಾಕಾದಷ್ಟು ಬಡ್ಡಿ.