ಮೇಸ್ತ್ರಿ ಯಾರ ಕಡೆಯವನು?

ಪಾಳಿ ಬಿಟ್ಟ ಹೊತ್ತಿಗೆ ಯಾವುದೇ ಗಿರಣಿಯ ಗೇಟಿನೆದುರಿನ ಚಹದಂಗಡಿಯಲ್ಲಿ ಐದು ನಿಮಿಷ ಕುಳಿತರೆ ಸಾಕು, ದುಡಿಯುವವನ ಬೈಗುಳ ಯಾರ ತಲೆಯ ಮೇಲೆ ಬೀಳುತ್ತದೆಂಬುದು ತಿಳಿಯುತ್ತದೆ. ಧಣಿಯನ್ನು ಯಾರೂ ಬೈಯುವುದಿಲ್ಲ. ಧಣಿಯ ಮುಖ ಕಂಡವರೇ ಕಡಮೆ. ಮ್ಯಾನೇಜರನನ್ನು ಬೈಯುವವರೂ ವಿರಳ. ಬೈಗುಳವೆಲ್ಲ ಜಾಬರನಿಗೆ, ಮೇಸ್ತ್ರಿಗೆ, ಇಂದಿನ ಮಾತಿನಲ್ಲಿ ಹೇಳುವುದಾದರೆ ಸೂಪರ್‌ವೈಸರನಿಗೆ. ರಜೆ ಕೊಡದವನು ಅವನು, ಹಾಜರಿ ಕತ್ತರಿಸಿದವನು ಅವನು, ಕೆಟ್ಟ ಮೆಷಿನ್ನಿನ ಮುಂದೆ ನಿಲ್ಲಿಸಿದವನು ಅವನು, ಹೆಣ್ಣುಮಕ್ಕಳ ಮೇಲೆ ನಾಲಿಗೆ ಹರಿಬಿಟ್ಟವನು ಅವನು.

ಈ ಬೈಗುಳದಲ್ಲಿ ಸುಳ್ಳಿಲ್ಲ. ಆದರೆ ಇದರಲ್ಲಿರುವುದು ಅರ್ಧ ಸತ್ಯ. ಕಾರ್ಮಿಕನ ಸಿಟ್ಟು ಮೇಸ್ತ್ರಿಯ ಹತ್ತಿರವೇ ನಿಂತುಬಿಡಲಿ, ಮುಂದಕ್ಕೆ ಬಾರದಿರಲಿ ಎಂದೇ ಧಣಿ ಆತನನ್ನು ನಡುವೆ ನಿಲ್ಲಿಸಿದ್ದಾನೆ. ಮಳೆ ಬಂದಾಗ ಕೊಡೆ ನೆನೆಯುತ್ತದೆ, ಹಿಡಿದವನು ನೆನೆಯುವುದಿಲ್ಲ. ಉಳಿದರ್ಧ ಸತ್ಯವನ್ನು ಹೇಳುವುದಕ್ಕೇ ಈ ಲೇಖನ.

ಒಂದು ರಾತ್ರಿ ಪಾಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ನೂಲುವ ಖಾತೆಗೆ ಇಪ್ಪತ್ತು ಜನ ಬೇಕು, ಬಂದವರು ಹದಿನಾಲ್ಕು. ಬದಲಿಯವರನ್ನು ತೆಗೆದುಕೊಳ್ಳಲು ಆಫೀಸಿನ ಅಪ್ಪಣೆಯಿಲ್ಲ. ಒಂದು ಮೆಷಿನ್ನಿನ ಹಲ್ಲುಚಕ್ರದ ಮೇಲಿನ ಮುಚ್ಚಳ ಮುರಿದು ಎರಡು ವಾರವಾಯಿತು; ಸ್ಟೋರಿಗೆ ಚೀಟಿ ಬರೆದಾಯಿತು, ಸಾಮಾನು ಬರಲಿಲ್ಲ. ಬೆಳಗಾಗುವುದರೊಳಗೆ ಎಂದಿನಷ್ಟೇ ನೂಲು ಇಳಿಯಬೇಕೆಂದು ಮೇಲಿನ ಹುಕುಂ. ಈಗ ಮೇಸ್ತ್ರಿಯ ಮುಂದಿರುವ ದಾರಿಗಳು ಎರಡೇ. ಮೆಷಿನ್ ನಿಲ್ಲಿಸಿದರೆ ಬೆಳಿಗ್ಗೆ ಅವನ ಕೈಗೆ ಮೆಮೊ. ನಡೆಸಿದರೆ ಒಬ್ಬಾತನ ಬೆರಳು. ಅವನು ಯಾವ ದಾರಿ ಹಿಡಿಯುತ್ತಾನೆಂಬುದನ್ನು ಗಿರಣಿಯಲ್ಲಿ ದುಡಿದವರಿಗೆ ನಾವು ಹೇಳಬೇಕಾಗಿಲ್ಲ.

ಬೆರಳು ಹೋದ ಮೇಲೆ ವಿಚಾರಣೆ ನಡೆಯುತ್ತದೆ. 'ಸೂಪರ್‌ವೈಸರನ ನಿರ್ಲಕ್ಷ್ಯ' ಎಂದೋ 'ಕೆಲಸಗಾರನ ಅಜಾಗರೂಕತೆ' ಎಂದೋ ಬರೆದು ಕಡತ ಮುಚ್ಚುತ್ತಾರೆ. ಆರು ಜನರ ಕೊರತೆ ಇತ್ತೆಂಬ ಮಾತು, ಮುಚ್ಚಳಕ್ಕೆ ಬರೆದ ಚೀಟಿಯ ಮಾತು ಆ ಕಡತದಲ್ಲಿ ಇರುವುದಿಲ್ಲ.

ಉತ್ಪಾದನೆ ಅವನ ಹೊಣೆ, ಹಾಜರಿ ಅವನ ಹೊಣೆ, ಮಾಲಿನ ಗುಣ ಅವನ ಹೊಣೆ, ಸುರಕ್ಷತೆ ಅವನ ಹೊಣೆ, ಶಿಸ್ತು ಅವನ ಹೊಣೆ. ಅಧಿಕಾರ? ಒಬ್ಬ ಆಳನ್ನು ಹೆಚ್ಚಿಗೆ ಪಡೆಯಲಾರ, ಹತ್ತು ರೂಪಾಯಿಯ ಬೋಲ್ಟು ತರಿಸಲಾರ, ಒಂದು ದಿನದ ರಜೆಯನ್ನು ತನ್ನ ಮಾತಿನಿಂದ ಕೊಡಲಾರ. ಅವನಿಗೆ ಧಾರಾಳವಾಗಿ ಕೊಟ್ಟಿರುವ ಅಧಿಕಾರ ಒಂದೇ: ಕೂಗಾಡುವ ಅಧಿಕಾರ. ಹೊಣೆ ಬೆಟ್ಟದಷ್ಟು, ಅಧಿಕಾರ ಸಾಸಿವೆಯಷ್ಟು ಇದ್ದವನು ಬಾಯಿ ಮಾಡಿಯೇ ಕೆಲಸ ತೆಗೆಯಬೇಕಾಗುತ್ತದೆ.

ಈ ಏರ್ಪಾಡು ನಿನ್ನೆ ಮೊನ್ನೆಯದಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಹಳ್ಳಿಯಿಂದ ಜನರನ್ನು ತರುವವನು ಜಾಬರ್, ಕೆಲಸ ಕಲಿಸುವವನು ಜಾಬರ್, ಮೆಷಿನ್ ಕೆಟ್ಟರೆ ನೋಡುವವನು ಜಾಬರ್, ರಜೆ ಕೊಡುವವನೂ ಕೆಲಸದಿಂದ ತೆಗೆಯುವವನೂ ಜಾಬರ್. ಕೆಲಸ ಬೇಕಾದರೆ ಅವನಿಗೆ ದಸ್ತೂರಿ. ಕೆಲಸ ಉಳಿಯಬೇಕಾದರೆ ಮತ್ತೆ ದಸ್ತೂರಿ. ಸಾಲ ಕೊಡುವವರೊಡನೆ, ಕಿರಾಣಿ ಅಂಗಡಿಯವರೊಡನೆ ಅನೇಕ ಜಾಬರರಿಗೆ ನಂಟಿತ್ತು. ಕೆಲವರು ತಾವೇ ಬಡ್ಡಿಗೆ ಹಣ ಬಿಡುತ್ತಿದ್ದರು. ವಿಟ್ಲಿಯವರ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಕಾರ್ಮಿಕ ಮುಖಂಡ ಎನ್. ಎಂ. ಜೋಶಿಯವರು ಅದರ ಸದಸ್ಯರಲ್ಲೊಬ್ಬರು. ಜನರನ್ನು ಕೆಲಸಕ್ಕೆ ಸೇರಿಸುವ, ತೆಗೆಯುವ ಅಧಿಕಾರ ಜಾಬರನ ಕೈಯಲ್ಲಿರಕೂಡದು, ಅದಕ್ಕೆ ಬೇರೆಯೇ ಕಾರ್ಮಿಕ ಅಧಿಕಾರಿ ಇರಬೇಕು ಎಂದು ಆಯೋಗ ಹೇಳಿತು. 1935ರಲ್ಲಿ ಮುಂಬಯಿಯ ಗಿರಣಿ ಮಾಲೀಕರ ಸಂಘ ಬದಲಿ ಕೆಲಸಗಾರರಿಗೆ ಕಾರ್ಡು ಕೊಟ್ಟು ದಾಖಲೆ ಇಡುವ ಪದ್ಧತಿಯನ್ನು ತಂದಿತು.

ಧಣಿಗಳಿಗೆ ಬುದ್ಧಿ ಬಂದುಬಿಟ್ಟಿತೆಂದು ಹಿಗ್ಗಬೇಡಿರಿ. ಜಾಬರನಿಗೆ ತನ್ನದೇ ಆದ ಬಲವಿತ್ತು. ಮುಷ್ಕರ ಬಂದಾಗ ಅವನು ಯಾವ ಕಡೆ ವಾಲುತ್ತಾನೋ ಎಂಬ ಭಯ ಧಣಿಗಳಿಗೂ ಇತ್ತು. ಆದ್ದರಿಂದ ಅವನ ಬಲವನ್ನು ಕಿತ್ತುಕೊಂಡರು. ಆ ಬಲ ಕಾರ್ಮಿಕರಿಗೇನೂ ಬರಲಿಲ್ಲ, ಆಫೀಸಿನ ಪಾಲಾಯಿತು. ಈಗ ಅದು ಆಫೀಸಿನಿಂದಲೂ ಜಾರಿ ಗುತ್ತಿಗೆದಾರನ ಜೇಬಿಗೆ ಇಳಿದಿದೆ. ಜಾಬರನಾದರೂ ಖಾತೆಯಲ್ಲಿ ನಮ್ಮ ಜೊತೆ ಅರಳೆಯ ಧೂಳು ಕುಡಿಯುತ್ತಿದ್ದ. ಗುತ್ತಿಗೆದಾರನಿಗೆ ಆ ಧೂಳಿನ ವಾಸನೆಯೂ ಗೊತ್ತಿಲ್ಲ.

ಕಾನೂನು ಏನು ಹೇಳುತ್ತದೆ? ಅದನ್ನೂ ನೋಡೋಣ. 1948ರ ಕಾರ್ಖಾನೆ ಕಾಯಿದೆಯಲ್ಲಿ, ಅಪಾಯದ ಯಂತ್ರಭಾಗಗಳಿಗೆಲ್ಲ ಭದ್ರವಾದ ಬೇಲಿ ಇರಬೇಕೆಂಬ ಕಲಮು ಇತ್ತು. ಅದೇ ಕಾಯಿದೆಯಲ್ಲಿ 101ನೆಯ ಕಲಮೂ ಇತ್ತು. ತನ್ನ ಮೇಲೆ ಮೊಕದ್ದಮೆ ಬಂದಾಗ ಕಾರ್ಖಾನೆಯ ಒಡೆಯನು 'ನಿಜವಾದ ಅಪರಾಧಿ ಇವನು' ಎಂದು ಬೇರೊಬ್ಬನನ್ನು ಕೋರ್ಟಿನ ಮುಂದೆ ನಿಲ್ಲಿಸಬಹುದು. ತಾನು ತಕ್ಕ ಎಚ್ಚರ ವಹಿಸಿದ್ದೆ, ಇದು ತನಗೆ ತಿಳಿಯದೆ ನಡೆಯಿತು ಎಂದು ರುಜುವಾತು ಮಾಡಿದರೆ ಒಡೆಯ ಬಿಡುಗಡೆ. ಶಿಕ್ಷೆ ಆ ಇನ್ನೊಬ್ಬನಿಗೆ. ಆ ಇನ್ನೊಬ್ಬನ ಜಾಗಕ್ಕೆ ಮೇಸ್ತ್ರಿಗಿಂತ ಹತ್ತಿರದವನು ಯಾರಿದ್ದಾನೆ? ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ನಮ್ಮಲ್ಲಿ ಕೋತಿಗೆ ಒರೆಸುವ ಬಟ್ಟೆಯನ್ನೂ ಕಾಯಿದೆಯೇ ಒದಗಿಸಿತು.

ಇನ್ನು ಮೇಸ್ತ್ರಿಯೇ ಅನ್ಯಾಯಕ್ಕೆ ಸಿಕ್ಕಿದರೆ? 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ರಕ್ಷಣೆ 'ಕೆಲಸಗಾರ'ನಿಗೆ ಮಾತ್ರ ಇತ್ತು. ಮೇಲ್ವಿಚಾರಕನ ಸಂಬಳ ಗೊತ್ತಾದ ಮಿತಿಯನ್ನು ದಾಟಿದರೆ ಅವನು ಕೆಲಸಗಾರನಲ್ಲ. ಆ ಮಿತಿ 1956ರ ತಿದ್ದುಪಡಿಯಲ್ಲಿ 500 ರೂಪಾಯಿ, 1984ರಲ್ಲಿ 1,600, 2010ರಲ್ಲಿ 10,000. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 18,000. ಬಾಡಿಗೆ ಕಟ್ಟಿ, ಎರಡು ಮಕ್ಕಳನ್ನು ಓದಿಸಬೇಕಾದ ಮನೆಗೆ ಈ ಕಾಲದಲ್ಲಿ 18,000 ಸಾಹುಕಾರಿಕೆಯೇ? ಅದಕ್ಕಿಂತ ನೂರು ರೂಪಾಯಿ ಹೆಚ್ಚು ಬಂದರೆ ಮೇಲ್ವಿಚಾರಕನು ಕೈಗಾರಿಕಾ ನ್ಯಾಯಮಂಡಲಿಯ ಬಾಗಿಲ ಹೊರಗೆ. ಹುದ್ದೆಯ ಹೆಸರಿಗಿಂತ ಮಾಡುವ ಕೆಲಸವೇ ಮುಖ್ಯವೆಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ, ನಿಜ. ಆದರೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಬಡವನ ಕಾಲು ಸವೆಯುತ್ತದೆ. ಹೀಗೆ ಮೇಲಿನವರಿಗೆ ಅವನು ಆಳು, ಕಾಯಿದೆಗೆ ಅವನು ಅಧಿಕಾರಿ.

ಭೋಪಾಲವನ್ನು ಮರೆಯಲಾದೀತೇ? 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅದಕ್ಕೆ ಮುಂಚೆಯೇ ಖರ್ಚು ಉಳಿಸುವ ಹೆಸರಿನಲ್ಲಿ ಆ ಘಟಕದ ಜನರನ್ನು ಅರ್ಧಕ್ಕೆ ಇಳಿಸಿದ್ದರು. ರಾತ್ರಿ ಪಾಳಿಯ ಮೇಂಟೆನೆನ್ಸ್ ಸೂಪರ್‌ವೈಸರನ ಹುದ್ದೆಯನ್ನೇ ತೆಗೆದಿದ್ದರು. 2010ರ ಜೂನ್ 7ರಂದು ತೀರ್ಪು ಬಂತು. ಕಂಪನಿಯ ಭಾರತದ ಅಧ್ಯಕ್ಷನಿಂದ ಹಿಡಿದು ಕೆಳಗಿನ ಪ್ರೊಡಕ್ಷನ್ ಅಸಿಸ್ಟೆಂಟನವರೆಗೆ ಏಳು ಜನರಿಗೂ ಎರಡೆರಡು ವರ್ಷದ ಒಂದೇ ಶಿಕ್ಷೆ. ಅಮೆರಿಕದಲ್ಲಿದ್ದ ಮುಖ್ಯಸ್ಥ ಆಂಡರ್ಸನ್ 2014ರಲ್ಲಿ ಸಾಯುವವರೆಗೂ ಭಾರತದಲ್ಲಿ ವಿಚಾರಣೆ ಎದುರಿಸಲಿಲ್ಲ. ಜನರನ್ನು ಕಡಿತ ಮಾಡಬೇಕೆಂದು ತೀರ್ಮಾನಿಸಿದವನೂ ಆ ಕಡಿತದಲ್ಲಿ ಸಿಕ್ಕಿಕೊಂಡು ಪಾಳಿ ನಡೆಸಿದವನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಎಲ್ಲರಿಗಿಂತ ಮೇಲಿದ್ದವನು ತಕ್ಕಡಿಗೇ ಹತ್ತಲಿಲ್ಲ.

ಇಷ್ಟು ಹೇಳಿದ ಮೇಲೆ ಮೇಸ್ತ್ರಿಗೂ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯವಾದೀತು. 'ಹೊಟ್ಟೆಪಾಡು, ಏನು ಮಾಡಲಿ' ಎಂಬ ಮಾತು ಎಲ್ಲ ಪಾಪಕ್ಕೂ ಪ್ರಾಯಶ್ಚಿತ್ತವಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಅವರ ತಲೆಯ ಮೇಲೆ ನಿಲ್ಲುವವರಲ್ಲಿ ಹೆಚ್ಚಿನವರು ಗಂಡಸರು. ಗಂಟೆಗೆ ಇಷ್ಟು ಪೀಸು ಎಂದು ಬೋರ್ಡಿನ ಮೇಲೆ ಬರೆಯುವುದು ಮೇಲಿನವರ ಆಜ್ಞೆಯಿರಬಹುದು. ಪಾಯಖಾನೆಗೆ ಎದ್ದ ಹೆಣ್ಣುಮಗಳನ್ನು ಎಲ್ಲರೆದುರು ಹೀನಾಯವಾಗಿ ಅನ್ನುವುದು ಯಾರ ಆಜ್ಞೆ? ತನಗೆ ನಮಸ್ಕಾರ ಹಾಕುವವನಿಗೆ ಓವರ್‌ಟೈಮ್, ಸಂಘದ ಚೀಟಿ ಪಡೆದವನಿಗೆ ಕೆಟ್ಟ ಮೆಷಿನ್: ಇದು ಯಾವ ರೂಲಿನ ಪುಸ್ತಕದಲ್ಲಿದೆ? ತನ್ನ ಜಾತಿಯವನನ್ನು ಹಗುರ ಕೆಲಸಕ್ಕೆ ಹಾಕಿ, ಬೇರೆಯವನನ್ನು ಧೂಳಿಗೆ ತಳ್ಳುವ ಮೇಸ್ತ್ರಿ ಧಣಿಗಿಂತ ಮೊದಲು ತನ್ನ ಒಳಗಿನ ಸಣ್ಣತನದ ಗುಲಾಮ. ಕೊಡಲಿಯ ಕಾವು ಕುಲಕ್ಕೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಿನ್ನೆ ನಮ್ಮ ಪಕ್ಕದ ಮೆಷಿನ್ನಿನಲ್ಲಿ ನಿಂತಿದ್ದವನೇ ಇಂದು ಕಾವಾಗಿ ಬಂದಾಗ ಪೆಟ್ಟು ಹೆಚ್ಚು ಆಳಕ್ಕೆ ಇಳಿಯುತ್ತದೆ.

ಅಂಗಡಿಯ ಮಿತ್ರರು ಕೇಳಬಹುದು: ಇದು ಗಿರಣಿಯೊಳಗಿನ ಜಗಳ, ನಮಗೇನು? ನಿಮ್ಮ ಉದ್ರಿ ಪುಸ್ತಕ ತೆರೆದು ನೋಡಿರಿ. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಒಂದು ಗೈರುಹಾಜರಿ ಬಿದ್ದರೆ ನಿಮ್ಮ ಪುಸ್ತಕದಲ್ಲಿ ಒಂದು ಬಾಕಿ ಉಳಿಯುತ್ತದೆ. ಓವರ್‌ಟೈಮ್ ಲೆಕ್ಕಕ್ಕೆ ಬಾರದಿದ್ದರೆ ಎಣ್ಣೆ ಅರ್ಧ ಕಿಲೋ ಬದಲು ಕಾಲು ಕಿಲೋ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಏನಾಯಿತು? ಬಹುಪಾಲು ಗುತ್ತಿಗೆಯ ಹುಡುಗರು, ಹನ್ನೆರಡು ಗಂಟೆಯ ಪಾಳಿ, ಕೈಗೆ ಬಂದ ಸಂಬಳದ ಲೆಕ್ಕ ಸರಿಯಿಲ್ಲ. ಕೇಳಿದರೆ ಉತ್ತರ ಹೇಳುವವರಿಲ್ಲ. ಕೊನೆಗೆ ಗಾಜು ಒಡೆಯಿತು, ವಾಹನಗಳು ಉರುಳಿದವು, ಪೊಲೀಸರು ಬಂದರು. ಕೆಲವರಿಗೆ ಸಂಬಳವನ್ನು ಸರಿಯಾಗಿ, ಸಕಾಲಕ್ಕೆ ಕೊಟ್ಟಿರಲಿಲ್ಲವೆಂದು ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಗಾಜು ಒಡೆದದ್ದನ್ನು ನಾವು ಹೊಗಳುವುದಿಲ್ಲ. ಆದರೆ ಲೈನಿನ ಪಕ್ಕದಲ್ಲಿ ನಿಂತವನಿಗೆ 'ಈ ಹುಡುಗನ ಲೆಕ್ಕ ತಪ್ಪಾಗಿದೆ, ಇವತ್ತೇ ತಿದ್ದಿ' ಎಂದು ಹೇಳಿ ತಿದ್ದಿಸುವ ಅಧಿಕಾರವಿದ್ದಿದ್ದರೆ ಆ ಬೆಂಕಿ ಅಷ್ಟು ದೂರ ಹರಡುತ್ತಿರಲಿಲ್ಲ.

ಧಣಿಗಳ ಉತ್ತರ ನಮಗೆ ಗೊತ್ತು. 'ಮೇಸ್ತ್ರಿಗೆ ಮೆಷಿನ್ ನಿಲ್ಲಿಸುವ ಅಧಿಕಾರ ಕೊಟ್ಟರೆ ದಿನಕ್ಕೆ ಹತ್ತು ಸಲ ನಿಲ್ಲಿಸುತ್ತಾರೆ, ಉತ್ಪಾದನೆ ಮಣ್ಣುಪಾಲು.' ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಲೈನಿನ ಪಕ್ಕದಲ್ಲಿ ಹಗ್ಗ ಕಟ್ಟಿರುವ ಪದ್ಧತಿ ಜಗತ್ತಿಗೆಲ್ಲ ಗೊತ್ತು. ತಪ್ಪು ಕಂಡ ಕೆಲಸಗಾರ ಹಗ್ಗ ಎಳೆಯಬಹುದು. ಅವನ ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ಆ ಕಂಪನಿ ದಿವಾಳಿಯಾಯಿತೇ? ಅವರು ಧರ್ಮಾತ್ಮರೆಂದು ನಾವು ಹೇಳುತ್ತಿಲ್ಲ. ಅದೇ ಹೆಸರಿನ ಬಿಡದಿಯ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಲಾಕೌಟ್ ಘೋಷಿಸಿದ್ದನ್ನು ಮರೆತಿಲ್ಲ. ನಿಲ್ಲಿಸುವ ಅಧಿಕಾರ ಕೊಟ್ಟರೆ ಕೈಗಾರಿಕೆ ಮುಳುಗುತ್ತದೆಂಬುದು ಸುಳ್ಳು ಎಂದಷ್ಟೇ ನಮ್ಮ ಮಾತು.

ಹಾಗಾದರೆ ಆಗಬೇಕಾದ್ದೇನು?

ಒಂದು: ಅಪಾಯ ಕಂಡರೆ ಮೆಷಿನ್ ನಿಲ್ಲಿಸುವ ಅಧಿಕಾರ ಮೇಸ್ತ್ರಿಗೆ ಬರವಣಿಗೆಯಲ್ಲಿ ಇರಬೇಕು. ನಿಲ್ಲಿಸಿದ್ದಕ್ಕಾಗಿ ಅವನಿಗೆ ಮೆಮೊ, ಕಾರ್ಮಿಕರಿಗೆ ಸಂಬಳ ಕಡಿತ ಇರಕೂಡದು.

ಎರಡು: ಬಂದ ಜನರನ್ನೂ ಮೆಷಿನ್ನಿನ ಸ್ಥಿತಿಯನ್ನೂ ನೋಡಿ ಪಾಳಿಯ ಟಾರ್ಗೆಟ್ ಗೊತ್ತುಮಾಡಬೇಕು. ಗೊತ್ತುಮಾಡುವಾಗ ಕಾರ್ಮಿಕರ ಪ್ರತಿನಿಧಿ ಎದುರಿಗಿರಬೇಕು.

ಮೂರು: ಹಾಜರಿ, ಓವರ್‌ಟೈಮ್, ಕಡಿತಗಳ ಚೀಟಿ ದಿನದಿನವೂ ಕೆಲಸಗಾರನ ಕೈಗೆ ಬರಬೇಕು. ಮೇಸ್ತ್ರಿಯೊಬ್ಬನ ಬಾಯಿಮಾತಿನ ಮೇಲೆ ಯಾರ ಸಂಬಳವೂ ಹೋಗಕೂಡದು.

ನಾಲ್ಕು: ಹೆಣ್ಣುಮಕ್ಕಳ ದೂರು ಕೇಳುವ ಆಂತರಿಕ ಸಮಿತಿಯನ್ನು 2013ರ ಕಾಯಿದೆ ಕಡ್ಡಾಯ ಮಾಡಿದೆ. ಅದು ಗೋಡೆಯ ಮೇಲಿನ ಕಾಗದವಾಗಿ ಉಳಿಯದೆ ಸಭೆ ಸೇರಬೇಕು. ಹೊಲಿಯುವ ಹೆಂಗಸರೂ ಸೂಪರ್‌ವೈಸರರಾಗಬೇಕು.

ಐದು: ಮೇಲ್ವಿಚಾರಕನ ಸಂಬಳ ಎಷ್ಟೇ ಇರಲಿ, ಅನ್ಯಾಯವಾಗಿ ಕೆಲಸ ಕಳೆದುಕೊಂಡರೆ ಅವನಿಗೂ ಕಾರ್ಮಿಕ ಕಾಯಿದೆಯ ರಕ್ಷಣೆ ಸಿಗಬೇಕು.

ಕೊನೆಯದಾಗಿ ನಮ್ಮ ಸಂಘಗಳಿಗೂ ಒಂದು ಮಾತು. ಮೇಸ್ತ್ರಿಯನ್ನು ಗೇಟಿನಲ್ಲಿ ಅಡ್ಡಗಟ್ಟಿ ಎರಡು ಬಾರಿಸಿದರೆ ಹೋರಾಟವಾಯಿತೆಂದು ತಿಳಿಯುವವರು ನಮ್ಮಲ್ಲೂ ಇದ್ದಾರೆ. ಮರುದಿನ ಧಣಿ ಬೇರೊಬ್ಬನನ್ನು ಆ ಜಾಗಕ್ಕೆ ಹಾಕುತ್ತಾನೆ; ನಮ್ಮ ನಾಲ್ವರು ಹುಡುಗರು ಜೈಲಿಗೆ ಹೋಗುತ್ತಾರೆ. ಮುಚ್ಚಳ ಮಾತ್ರ ಮುರಿದಂತೆಯೇ ಇರುತ್ತದೆ. ಅದರ ಬದಲು ಮುಂದಿನ ಪಾಳಿಯಲ್ಲಿ ಮೇಸ್ತ್ರಿಯ ಬಳಿ ಹೋಗಿ ಕೇಳಿರಿ: 'ಅಣ್ಣಾ, ಮುಚ್ಚಳಕ್ಕೆ ನೀನು ಬರೆದ ಚೀಟಿಯ ನಕಲು ಕೊಡು. ನಾವೂ ರುಜು ಹಾಕುತ್ತೇವೆ.' ಕೊಟ್ಟನೋ, ಅವನು ನಮ್ಮವನು. ಅವನ ಮೇಲೆ ಮೆಮೊ ಬಂದ ದಿನ ಇಡೀ ಖಾತೆ ಅವನ ಬೆನ್ನಿಗೆ ನಿಲ್ಲಬೇಕು. ಕೊಡಲಿಲ್ಲವೋ, ಅವನು ಯಾರ ಕಡೆಯವನೆಂಬ ಪ್ರಶ್ನೆಗೆ ಅವನೇ ಉತ್ತರ ಕೊಟ್ಟಂತಾಯಿತು. ಆಗ ಚೀಟಿಯನ್ನು ನಾವೇ ಬರೆದು, ನಾವೇ ರುಜು ಹಾಕಿ, ಮ್ಯಾನೇಜರನ ಮೇಜಿನ ಮೇಲಿಡೋಣ.